ದಫ್ತರು ಕಾದ ಅಕ್ಕ

ನಮ್ಮ ಕ್ರೈಸ್ತ ಸಭೆಯ ಕಚೇರಿಯಲ್ಲಿ ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಕಾರ್ಯದರ್ಶಿಯಾಗಿ ದುಡಿದ ಅಕ್ಕ ಈ ಮಾರ್ಚ್ ತಿಂಗಳ ಕೊನೆಗೆ ನಿವೃತ್ತರಾಗುತ್ತಿದ್ದಾರೆ. ಅಂತರ್ಜಾಲದಲ್ಲಿ ತಮ್ಮ ಹೆಸರು ಬರುವುದು ಅವರಿಗೆ ಇಷ್ಟವಿಲ್ಲವಾದ್ದರಿಂದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಸಭೆಯಲ್ಲಿ ಚಿಕ್ಕ ಮಕ್ಕಳಿಂದ ಹಿಡಿದು ಅವರಿಗಿಂತ ವಯಸ್ಸಿನಲ್ಲಿ ಹಿರಿಯರಾದವರ ತನಕ ಎಲ್ಲರೂ ಅವರನ್ನು ಕರೆಯುವುದು ಅಕ್ಕ ಎಂದೇ. ಬೀಳ್ಕೊಡುಗೆಯ ದಿನ ಓದಬೇಕಾದ ಮಾನಪತ್ರವನ್ನು ಬರೆಯುವ ಹೊಣೆಯನ್ನು ಸಭಾ ಸಮಿತಿ ನನಗೆ ಒಪ್ಪಿಸಿದೆ. ಮುಂಬಯಿ ಕನ್ನಡಿಗರಾದ ನಮಗೆ ಸನ್ಮಾನದ ಕ್ರಮ ಚೆನ್ನಾಗಿ ಗೊತ್ತು. ಶಾಲು, ಹಾರ, ಫಲಪುಷ್ಪ, ಸ್ಮರಣಿಕೆ, ಕೊನೆಗೆ ಚೌಕಟ್ಟು ಹಾಕಿಸಿದ ಮಾನಪತ್ರ. ಆ ಚೌಕಟ್ಟಿನೊಳಗೆ ಹೆಚ್ಚೆಂದರೆ ಹದಿನೈದು ಸಾಲು ಹಿಡಿಸುತ್ತದೆ, ಮತ್ತು ಆ ಸಾಲುಗಳಲ್ಲಿ ರೂಢಿಯಂತೆ ಬರುವ ಹಸನ್ಮುಖ, ಸರಳತೆ, ನಿಸ್ವಾರ್ಥತೆ ಎಂಬ ಮಾತುಗಳು ಯಾರ ಬೀಳ್ಕೊಡುಗೆಗೂ ಒಪ್ಪುತ್ತವೆ. ಅಕ್ಕ ಆ ಕಚೇರಿಯಲ್ಲಿ ಕುಳಿತು ನಿಜವಾಗಿ ಏನು ಮಾಡಿದರು ಎಂಬುದನ್ನು ಸಭೆಯ ಬಹುಪಾಲು ಜನ ತಿಳಿದಿಲ್ಲ. ಮಾಡಿದ ಕೆಲಸವನ್ನು ಮಾಡಿದ ಹಾಗೆಯೇ ವಿವರವಾಗಿ ಹೇಳುವುದಕ್ಕಿಂತ ದೊಡ್ಡ ಗೌರವವನ್ನು ನಾನು ಕಾಣೆನಾದ್ದರಿಂದ, ಮಾನಪತ್ರದಲ್ಲಿ ಹಿಡಿಸದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಸಭೆಯ ಬಗ್ಗೆ ಸ್ವಲ್ಪ ಹೇಳಬೇಕು. ಬೈಕಲಾ ಪರಿಸರದ ಹಳೆಯ ಕಟ್ಟಡವೊಂದರಲ್ಲಿ ನಾವು ಕನ್ನಡದಲ್ಲಿ ಆರಾಧಿಸುತ್ತೇವೆ. ಅದೇ ಕಟ್ಟಡದಲ್ಲಿ ಬೆಳಿಗ್ಗೆ ಬೇಗ ಮರಾಠಿ ಆರಾಧನೆ, ಅನಂತರ ನಮ್ಮದು, ಸಂಜೆ ತಮಿಳು. ಮುಂಬಯಿಯಲ್ಲಿ ಇದು ಸಾಮಾನ್ಯ ಏರ್ಪಾಡು. ನಮ್ಮಲ್ಲಿ ಅರ್ಧಕ್ಕಿಂತ ಹೆಚ್ಚು ಕುಟುಂಬಗಳು ಮಂಗಳೂರು, ಮೂಲ್ಕಿ, ಉಡುಪಿ ಕಡೆಯ, ಸ್ವಿಟ್ಜರ್ಲೆಂಡಿನ ಪ್ರೊಟೆಸ್ಟಂಟ್ ಮಿಶನರಿ ಸಂಸ್ಥೆಯಾದ ಬಾಸೆಲ್ ಮಿಶನ್ನಿನ ಪರಂಪರೆಯವರು. ಉಳಿದವರು ಧಾರವಾಡ, ಹುಬ್ಬಳ್ಳಿ, ಗದಗ-ಬೆಟಗೇರಿಯಿಂದ ಬಂದವರು, ಬೆಳಗಾವಿ, ಬೀದರಗಳ ಮೆಥೊಡಿಸ್ಟ್ ಮನೆತನದವರು. ಬಾಸೆಲ್ ಮಿಶನ್ನಿನ ಮೊದಲ ಮೂವರು 1834ರಲ್ಲಿ ಮಂಗಳೂರಿಗೆ ಬಂದಿಳಿದರು. 1841ರಲ್ಲಿ ಅಲ್ಲಿ ಮುದ್ರಣಾಲಯ ಹುಟ್ಟಿತು. 1843ರ ಜುಲೈ 1ರಂದು ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಅಲ್ಲಿಂದ ಹೊರಟಿತು. ಇದನ್ನು ನಮ್ಮ ಹಿರಿಯರು ಹೆಮ್ಮೆಯಿಂದ ಹೇಳುತ್ತಾರೆ, ಹೇಳಲಿ. ಆದರೆ ಅಚ್ಚಿನ ಜತೆಜತೆಗೇ ಇನ್ನೊಂದು ಅಭ್ಯಾಸವೂ ಅಲ್ಲಿ ಬೆಳೆಯಿತು, ಅದನ್ನು ಯಾರೂ ವೇದಿಕೆಯಲ್ಲಿ ಹೇಳುವುದಿಲ್ಲ. ಯಾರಿಗೆ ಯಾವ ದಿನ ದೀಕ್ಷಾಸ್ನಾನ (ಬ್ಯಾಪ್ಟಿಸಂ) ಆಯಿತು, ಯಾರ ಮದುವೆ ಯಾರೊಂದಿಗೆ ನಡೆಯಿತು, ಯಾರನ್ನು ಎಲ್ಲಿ ಮಣ್ಣು ಮಾಡಲಾಯಿತು ಎಂಬುದನ್ನು ಬಡವ ಬಲ್ಲಿದರೆಂಬ ಭೇದವಿಲ್ಲದೆ ಒಂದೇ ಪುಸ್ತಕದಲ್ಲಿ, ಒಂದೇ ಅಳತೆಯ ಸಾಲಿನಲ್ಲಿ ಬರೆದಿಡುವ ಅಭ್ಯಾಸ ಅದು. ಊರು ಬಿಟ್ಟು ಮುಂಬಯಿಗೆ ಬಂದವರು ಗೀತ ಪುಸ್ತಕದೊಡನೆ ಆ ಅಭ್ಯಾಸವನ್ನೂ ತಂದರು. ನಮ್ಮ ಕಚೇರಿಯ ಉಕ್ಕಿನ ಕಪಾಟಿನಲ್ಲಿ ಇರುವುದು ಅದೇ.

ಆ ಕಪಾಟಿನ ಬೀಗದ ಕೈ ಇಷ್ಟು ಕಾಲ ಅಕ್ಕನ ಬಳಿ ಇತ್ತು. ದೀಕ್ಷಾಸ್ನಾನದ ಪುಸ್ತಕ, ದೃಢೀಕರಣದ ಪುಸ್ತಕ, ಮದುವೆಯ ಪುಸ್ತಕ, ಸಮಾಧಿಯ ಪುಸ್ತಕ, ಸದಸ್ಯರ ಪಟ್ಟಿ, ಸಮಿತಿಯ ನಡವಳಿ ಪುಸ್ತಕಗಳು, ಕಾಣಿಕೆಯ ಲೆಕ್ಕ, ರಶೀದಿ ಪುಸ್ತಕಗಳ ಮೊಂಡು ಭಾಗಗಳು. ಮಳೆಗಾಲಕ್ಕೆ ಮುಂಚೆ ಇವೆಲ್ಲವನ್ನೂ ಹೊರಗೆ ತೆಗೆದು, ಒಂದೊಂದನ್ನೇ ಬಿಡಿಸಿ ಫ್ಯಾನಿನ ಕೆಳಗೆ ಹರಡಿ, ಬೇವಿನ ಎಲೆ ಹಾಕಿ ಮತ್ತೆ ಜೋಡಿಸುತ್ತಿದ್ದರು. ಕೆಳಗಿನ ಅರೆಯನ್ನು ಅವರು ಯಾವಾಗಲೂ ಖಾಲಿ ಬಿಡುತ್ತಿದ್ದರು. ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದ 2005ರ ಜುಲೈ 26ರಂದು ನಮ್ಮ ಕಚೇರಿಯೊಳಗೂ ನೀರು ಬಂತು. ಕುರ್ಚಿಗಳ ಕಾಲು, ಹಾರ್ಮೋನಿಯಮ್ಮಿನ ಪೆಟ್ಟಿಗೆ, ಸಂಡೇ ಸ್ಕೂಲಿನ ಪುಸ್ತಕಗಳು ನೆನೆದು ಹಾಳಾದವು. ದಫ್ತರಿನ ಒಂದು ಹಾಳೆಯೂ ಒದ್ದೆಯಾಗಲಿಲ್ಲ.

ಮದುವೆಯ ಪುಸ್ತಕವನ್ನು ಅವರು ಹೇಗೆ ನೋಡಿಕೊಂಡರು ಎಂಬುದನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ. ನಮ್ಮ ಮದುವೆಗಳು 1872ರ ಭಾರತೀಯ ಕ್ರೈಸ್ತ ವಿವಾಹ ಕಾಯಿದೆಯ ಅಡಿಯಲ್ಲಿ ನಡೆಯುತ್ತವೆ. ಬೆಳಿಗ್ಗೆ ಆರರಿಂದ ಸಂಜೆ ಏಳರೊಳಗೆ ಮದುವೆ ಮುಗಿಯಬೇಕು ಎಂಬುದರಿಂದ ಹಿಡಿದು, ಸಾಕ್ಷಿಗಳ ಸಹಿ, ವಧೂವರರ ತಂದೆಯ ಹೆಸರು, ರಿಜಿಸ್ಟ್ರಾರರಿಗೆ ಕಳುಹಿಸಬೇಕಾದ ಪ್ರತಿಯ ತನಕ ಎಲ್ಲಕ್ಕೂ ಅದರಲ್ಲಿ ವಿಧಿಯಿದೆ. ಮದುವೆಯ ದಿನ ಸಡಗರದಲ್ಲಿರುವವರಿಗೆ ಇದಾವುದೂ ನೆನಪಿರುವುದಿಲ್ಲ. ನೆನಪಿರಬೇಕಾಗಿಯೂ ಇಲ್ಲ, ಏಕೆಂದರೆ ಅಕ್ಕ ಇರುತ್ತಿದ್ದರು. ಮೂರು ಭಾನುವಾರ ಓದಬೇಕಾದ ಮದುವೆ ಪ್ರಕಟಣೆಯನ್ನು ಅವರು ವಧೂವರರ ಆಧಾರ್ ಕಾರ್ಡು, ಪಾಸ್‌ಪೋರ್ಟು ಮತ್ತು ದೀಕ್ಷಾಸ್ನಾನದ ದಾಖಲೆ ಮೂರನ್ನೂ ಪಕ್ಕದಲ್ಲಿಟ್ಟುಕೊಂಡು ಬರೆಯುತ್ತಿದ್ದರು. ಮೂರರಲ್ಲಿ ಹೆಸರು ಮೂರು ರೀತಿಯಿದ್ದರೆ, ಅದು ಬಹಳ ಸಲ ಇರುತ್ತದೆ, ಮನೆಯವರನ್ನು ಕರೆಸಿ ಮೊದಲು ಅದನ್ನು ಸರಿಮಾಡಿಸುತ್ತಿದ್ದರು. ನಮ್ಮ ಕಡೆಯ ಕರ್ಕಡ ಎಂಬ ಮನೆತನದ ಹೆಸರನ್ನು ಇಲ್ಲಿನ ಶಾಲೆಯ ಗುಮಾಸ್ತರು ಮರಾಠಿಯ ರೂಢಿಗೆ ತಕ್ಕಂತೆ ಕರ್ಕಡೆ ಎಂದು ಬರೆದರೆ, ಅಣ್ಣ ಕರ್ಕಡನಾಗಿಯೂ ತಂಗಿ ಕರ್ಕಡೆಯಾಗಿಯೂ ಉಳಿದು, ಅಪ್ಪನ ಪಿಂಚಣಿಯ ಕಾಗದ ಬಂದಾಗ ಇಬ್ಬರೂ ಒಂದೇ ತಂದೆಯ ಮಕ್ಕಳೆಂದು ರುಜುವಾತು ಮಾಡಲು ವರ್ಷಗಟ್ಟಲೆ ಅಲೆಯಬೇಕಾಗುತ್ತದೆ. ಇಂಥ ಅಲೆದಾಟವನ್ನು ಅಕ್ಕ ಎಷ್ಟು ಮನೆಗಳಿಗೆ ತಪ್ಪಿಸಿದರೆಂದು ಹೇಳಲಾಗದು. ತಪ್ಪಿಹೋದ ಕಷ್ಟವನ್ನು ಯಾರು ತಾನೇ ಲೆಕ್ಕ ಇಡುತ್ತಾರೆ?

ಆ ಕಾಯಿದೆಯ 78ನೇ ಕಲಮನ್ನು ನಾನು ಕೇಳಿದ್ದು ಅವರ ಬಾಯಿಂದ. ದಾಖಲೆಯಲ್ಲಿ ತಪ್ಪು ಕಂಡುಬಂದರೆ, ಕಂಡುಬಂದ ಒಂದು ತಿಂಗಳೊಳಗೆ, ಮದುವೆಯಾದವರ ಎದುರಿನಲ್ಲಿ, ಅವರು ಇಲ್ಲವಾದರೆ ನಂಬಲರ್ಹರಾದ ಇಬ್ಬರು ಸಾಕ್ಷಿಗಳ ಎದುರಿನಲ್ಲಿ, ಮೂಲ ಬರಹವನ್ನು ಮುಟ್ಟದೆ ಅಂಚಿನಲ್ಲಿ ತಿದ್ದುಪಡಿ ಬರೆದು, ಸಹಿ ಮಾಡಿ, ತಾರೀಕು ಹಾಕಬೇಕು. ಅಳಿಸುವಂತಿಲ್ಲ, ಬಿಳಿ ಬಣ್ಣ ಹಚ್ಚುವಂತಿಲ್ಲ, ಹಾಳೆ ಹರಿಯುವಂತಿಲ್ಲ. ಕಾನೂನು ಇದನ್ನು ಮದುವೆಯ ಪುಸ್ತಕಕ್ಕೆ ಮಾತ್ರ ಹೇಳುತ್ತದೆ; ಅಕ್ಕ ಎಲ್ಲ ಪುಸ್ತಕಗಳಿಗೂ ಅನ್ವಯಿಸಿದರು. ಸಮಿತಿಗೆ ಹೊಸದಾಗಿ ಬಂದಿದ್ದ ತರುಣರೊಬ್ಬರು ಸದಸ್ಯರ ಪಟ್ಟಿಯಿಂದ, ಜಗಳವಾಡಿ ಸಭೆ ಬಿಟ್ಟುಹೋದ ಒಂದು ಕುಟುಂಬದ ಹೆಸರನ್ನು ಹೊಡೆದುಹಾಕಲು ಹೇಳಿದಾಗ ಅವರು, “ಬರೆದದ್ದನ್ನು ಅಳಿಸುವುದಕ್ಕಿಲ್ಲ ಮಾರಾಯ. ಹೋದರು ಎಂದು ಪಕ್ಕದಲ್ಲಿ ಬರೆಯುವಾ, ನಾಳೆ ಬಂದರೆ ಬಂದರು ಎಂದು ಅದರ ಕೆಳಗೆ ಬರೆಯಲಿಕ್ಕೆ ಜಾಗ ಬೇಕು” ಎಂದರು. ಆ ಕುಟುಂಬ ಎಂಟು ಹತ್ತು ವರ್ಷಗಳ ನಂತರ ಮರಳಿ ಬಂತು, ಮತ್ತು ಆ ಜಾಗದಲ್ಲಿ ಈಗ ಎರಡನೆಯ ಸಾಲೂ ಇದೆ.

ದೀಕ್ಷಾಸ್ನಾನದ ಪುಸ್ತಕ ಧಾರ್ಮಿಕ ದಾಖಲೆ ಎಂದು ನಾವು ತಿಳಿಯುತ್ತೇವೆ. ಜನನ ಮರಣ ನೋಂದಣಿಯ ಈಗಿನ ಕಾಯಿದೆ ಬಂದದ್ದು 1969ರಲ್ಲಿ. ಅದಕ್ಕೂ ಮುಂಚೆ ಊರಿನಲ್ಲಿ, ಮನೆಯಲ್ಲೇ ಹೆರಿಗೆಯಾದವರಲ್ಲಿ ಬಹಳ ಮಂದಿಗೆ ಸಭೆಯ ಪುಸ್ತಕದ ಆ ಒಂದು ಸಾಲೇ ವಯಸ್ಸಿನ ಆಧಾರ. ಗಲ್ಫಿಗೆ ಹೊರಟವರು, ರೈಲ್ವೆಯಿಂದ ನಿವೃತ್ತರಾದವರು, ವಿಧವಾ ಪಿಂಚಣಿಗೆ ಅರ್ಜಿ ಹಾಕಿದವರು ಎಲ್ಲರೂ ಒಂದಲ್ಲ ಒಂದು ದಿನ ಅಕ್ಕನ ಮೇಜಿನ ಎದುರು ಕುಳಿತವರೇ. ದೃಢೀಕೃತ ಪ್ರತಿ ಕೊಡುವಾಗ ಅವರು ಹೆಸರು, ತಾರೀಕು, ಸಾಲಿನ ಸಂಖ್ಯೆಗಳನ್ನು ಬರೆದು, ಸಭಾಪಾಲಕರ, ಅಂದರೆ ಪಾದ್ರಿಯವರ, ಸಹಿ ಪಡೆದು, ಮೊಹರು ಒತ್ತಿ, ಶಾಯಿ ಒಣಗುವ ತನಕ ಕೈಗೆ ಕೊಡುತ್ತಿರಲಿಲ್ಲ. ಆ ಎರಡು ನಿಮಿಷದಲ್ಲಿ ಮನೆಯ ಎಲ್ಲ ಸಮಾಚಾರ ವಿಚಾರಿಸುತ್ತಿದ್ದರು. ಯಾರಿಗೆ ಸಕ್ಕರೆ ಕಾಯಿಲೆ, ಯಾರ ಮಗನಿಗೆ ಕೆಲಸ ಹೋಗಿದೆ, ಯಾರ ಮನೆಯಲ್ಲಿ ಮುದುಕಿಯೊಬ್ಬಳೇ ಇದ್ದಾಳೆ ಎಂಬುದು ಸಭಾಪಾಲಕರಿಗೆ ತಿಳಿಯುತ್ತಿದ್ದುದು ಈ ದಾರಿಯಿಂದ. ಸಭಾಪಾಲಕರು ಬರುತ್ತಾರೆ, ಕೆಲವು ವರ್ಷ ಇರುತ್ತಾರೆ, ವರ್ಗವಾಗಿ ಹೋಗುತ್ತಾರೆ. ಹೊಸಬರು ಬಂದ ಮೊದಲ ವಾರ ಅಕ್ಕ ಅವರನ್ನು ಕೂರಿಸಿಕೊಂಡು ಸದಸ್ಯರ ಪಟ್ಟಿಯನ್ನು ಮನೆಮನೆಯಾಗಿ ಓದಿ ಹೇಳುತ್ತಿದ್ದರು. ಅದೇ ಅವರ ನಿಜವಾದ ಅಧಿಕಾರ ಸ್ವೀಕಾರ ಎಂದು ಒಬ್ಬ ಸಭಾಪಾಲಕರು ತಮ್ಮ ವಿದಾಯದ ಪ್ರಸಂಗದಲ್ಲಿ ಹೇಳಿದ್ದನ್ನು ನಾನು ಕೇಳಿದ್ದೇನೆ.

ಸದಸ್ಯರ ಪಟ್ಟಿಯಲ್ಲಿ ಅವರದೊಂದು ಕ್ರಮವಿತ್ತು. ಹೆಸರು ಶಾಯಿಯಲ್ಲಿ, ವಿಳಾಸ ಪೆನ್ಸಿಲಿನಲ್ಲಿ. ಹಳೆಯ ಪುಟಗಳಲ್ಲಿ ಬೈಕಲಾ, ನಾಗಪಾಡಾ, ಪರೇಲ್, ಲಾಲ್‌ಬಾಗ್ ಎಂದಿರುವ ವಿಳಾಸಗಳು ನಂತರದ ಪುಟಗಳಲ್ಲಿ ಡೊಂಬಿವಲಿ, ಕಲ್ಯಾಣ, ಭಾಯಂದರ್, ನಾಲಾಸೋಪಾರಾ, ನೆರೂಳ್ ಆಗುತ್ತವೆ. 1982ರ ಜನವರಿಯಲ್ಲಿ ಶುರುವಾದ ಗಿರಣಿ ಮುಷ್ಕರ ಮುಗಿಯದೆ ಗಿರಣಿಗಳೇ ಮುಗಿದುಹೋದದ್ದು, ಚಾಳಿನ ಜಾಗದಲ್ಲಿ ಗೋಪುರದಂಥ ಕಟ್ಟಡಗಳು ಎದ್ದದ್ದು, ಮಕ್ಕಳಿಗೆ ಮದುವೆಯಾದಾಗ ಒಂದು ಕೋಣೆಯ ಮನೆ ಸಾಲದೆ ದೂರ ಹೋದದ್ದು, ಎಲ್ಲವೂ ಆ ಪೆನ್ಸಿಲಿನ ಗುರುತುಗಳಲ್ಲಿದೆ. ಡೊಂಬಿವಲಿಯಿಂದ, ಹಳಿಯ ದುರಸ್ತಿಗೆಂದು ಗಾಡಿಗಳನ್ನು ನಿಲ್ಲಿಸುವ ಭಾನುವಾರದ ಮೆಗಾಬ್ಲಾಕ್ ದಾಟಿ ಬೈಕಲಾಕ್ಕೆ ಬರುವುದೆಂದರೆ ಏನೆಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಶನಿವಾರ ಸಂಜೆ ರೈಲ್ವೆಯ ಪ್ರಕಟಣೆ ನೋಡಿ, ಯಾವ ಮಾರ್ಗದಲ್ಲಿ ಎಷ್ಟು ಗಂಟೆಯಿಂದ ಗಾಡಿಯಿಲ್ಲ ಎಂದು ದೂರದ ಮನೆಗಳಿಗೆ ಫೋನ್ ಮಾಡುವುದು ಅವರ ನಿಯಮಿತ ಕೆಲಸಗಳಲ್ಲೊಂದಾಗಿತ್ತು. ವಾಟ್ಸಾಪ್ ಬಂದ ಮೇಲೆ ಅದು ಸುಲಭವಾಯಿತು, ಆದರೂ ಮೊಬೈಲು ನೋಡಲು ಬಾರದ ನಾಲ್ಕೈದು ಮನೆಯ ಹಿರಿಯರಿಗೆ ಅವರು ಈಗಲೂ ಫೋನೇ ಮಾಡುತ್ತಾರೆ.

ಕಪಾಟಿನ ಮೇಲಿನ ಅರೆಯಲ್ಲಿ ಒಂದು ಕಡತವಿದೆ. ನನ್ನ ಮಟ್ಟಿಗೆ ನಮ್ಮ ಸಭೆಯ ಅತ್ಯಂತ ಬೆಲೆಬಾಳುವ ವಸ್ತು ಅದೇ. ಊರಿನ ಸಭೆಯಿಂದ ಮುಂಬಯಿಗೆ ಹೊರಟವರಿಗೆ ಅಲ್ಲಿನ ಸಭಾಪಾಲಕರು ಬರೆದುಕೊಟ್ಟ ಪತ್ರಗಳ ಕಡತ ಅದು. “ಈ ಪತ್ರವನ್ನು ತರುವ ನಮ್ಮ ಸಹೋದರನು ನಮ್ಮ ಸಭೆಯ ಸದಸ್ಯನಾಗಿದ್ದು ಜೀವನೋಪಾಯಕ್ಕಾಗಿ ಮುಂಬಯಿಗೆ ಬರುತ್ತಿರುವನು, ತಾವು ಅವನನ್ನು ಕರ್ತನಲ್ಲಿ ಸೇರಿಸಿಕೊಳ್ಳಬೇಕು” ಎಂಬ ಧಾಟಿಯ ನಾಲ್ಕೈದು ಸಾಲು, ಕೆಳಗೆ ಸಹಿ, ಕೆಲವದರಲ್ಲಿ ಹುಡುಗನ ತಂದೆಯ ಹೆಬ್ಬೆಟ್ಟು. ನಾಲ್ಕಾಗಿ ಮಡಿಸಿ ಅಂಗಿಯ ಕಿಸೆಯಲ್ಲಿಟ್ಟುಕೊಂಡು ಹಡಗಿನಲ್ಲೋ ಬಸ್ಸಿನಲ್ಲೋ ತಂದ ಕಾಗದಗಳಾದ್ದರಿಂದ ಮಡಿಕೆಯ ಗೆರೆಗಳಲ್ಲಿ ಸವೆದು ತೂತಾಗಿವೆ. ಅಕ್ಕ ಕೆಲಸಕ್ಕೆ ಸೇರಿದಾಗ ಇವು ಒಂದು ಗೋಣಿಚೀಲದಲ್ಲಿದ್ದವಂತೆ. ಬಿಡುವಾದಾಗಲೆಲ್ಲ ಒಂದೊಂದನ್ನೇ ಬಿಡಿಸಿ, ಹಿಂಬದಿಗೆ ತೆಳುವಾದ ಕಾಗದ ಅಂಟಿಸಿ, ಊರಿನ ಪ್ರಕಾರ ವಿಂಗಡಿಸಿ, ಯಾವ ಪತ್ರ ಯಾವ ಸದಸ್ಯನದೆಂದು ಸಂಖ್ಯೆ ಹಾಕಿದರು. ಈ ಕೆಲಸವನ್ನು ಅವರಿಗೆ ಯಾರೂ ಹೇಳಿರಲಿಲ್ಲ, ಸಮಿತಿಯ ನಡವಳಿಯಲ್ಲಿ ಅದರ ಉಲ್ಲೇಖವೂ ಇಲ್ಲ.

ಅದರಿಂದ ಏನಾಯಿತು ಎಂಬುದಕ್ಕೆ ಒಂದು ಪ್ರಸಂಗ ಹೇಳುತ್ತೇನೆ. ಫೋರ್ಟಿನ ಹೋಟೆಲೊಂದರಲ್ಲಿ ಬಹಳ ವರ್ಷ ಅಡುಗೆ ಮಾಡಿಕೊಂಡಿದ್ದ ಹಿರಿಯರೊಬ್ಬರು ನಮ್ಮ ಸಭೆಯಲ್ಲಿದ್ದರು. ಮದುವೆಯಾಗಿರಲಿಲ್ಲ. ವರ್ಷಕ್ಕೆ ಎರಡು ಸಲ, ಕ್ರಿಸ್ಮಸಿಗೆ ಮತ್ತು ಬೆಳೆ ಹಬ್ಬಕ್ಕೆ ಮಾತ್ರ ಬರುತ್ತಿದ್ದರು. ಬೆಳೆ ಹಬ್ಬದ ಏಲಂನಲ್ಲಿ ಒಂದು ತೆಂಗಿನಕಾಯಿಯನ್ನೋ ಕುಂಬಳಕಾಯಿಯನ್ನೋ ತಮ್ಮ ಶಕ್ತಿ ಮೀರಿದ ಬೆಲೆಗೆ ಕೂಗಿ ಕೊಳ್ಳುತ್ತಿದ್ದರು. ಅವರು ಮಹಾನಗರಪಾಲಿಕೆಯ ಆಸ್ಪತ್ರೆಯೊಂದರಲ್ಲಿ ತೀರಿಕೊಂಡಾಗ ಕಿಸೆಯಲ್ಲಿ ನಮ್ಮ ಸಭೆಯ ಕಾಣಿಕೆಯ ಲಕೋಟೆಯೊಂದನ್ನು ಬಿಟ್ಟರೆ ಬೇರೇನೂ ಇರಲಿಲ್ಲ. ವಾರ್ಡಿನ ಸಿಸ್ಟರ್ ಆ ಲಕೋಟೆಯ ಮೇಲಿದ್ದ ನಂಬರಿಗೆ ಫೋನ್ ಮಾಡಿದರು. ಅಕ್ಕ ಲಕೋಟೆಯ ಸಂಖ್ಯೆಯಿಂದ ಸದಸ್ಯರ ಪಟ್ಟಿಗೆ, ಪಟ್ಟಿಯಿಂದ ಆ ಕಡತಕ್ಕೆ ಹೋಗಿ, ಮೂಲ್ಕಿ ಕಡೆಯ ಒಂದು ಸಭೆಯ ಪತ್ರವನ್ನು ಹೊರತೆಗೆದರು. ಪತ್ರ ಬರೆದ ಸಭಾಪಾಲಕರು ಎಂದೋ ತೀರಿಹೋಗಿದ್ದರು. ಆದರೆ ಆ ಸಭೆಯಲ್ಲೂ ಒಂದು ಕಚೇರಿ ಇತ್ತು, ಅಲ್ಲಿಯೂ ಪುಸ್ತಕ ಇಟ್ಟವರೊಬ್ಬರಿದ್ದರು. ಸಂಜೆಯ ಹೊತ್ತಿಗೆ ತೀರಿಕೊಂಡವರ ತಂಗಿಯ ಮಗ ಸಿಕ್ಕಿದ. ಅವನು ಮತ್ಸ್ಯಗಂಧಾ ರೈಲಿನಲ್ಲಿ ಹೊರಟು ಮರುದಿನ ಬಂದು ತಲುಪುವ ತನಕ ಶವಾಗಾರದಲ್ಲಿ ಕಾಯಿಸಲು ಬೇಕಾದ ಕಾಗದಗಳನ್ನು ಅಕ್ಕ ತಾವೇ ಹೋಗಿ ಮಾಡಿಸಿದರು. ಶಿವಡಿಯ ಕ್ರೈಸ್ತ ಸ್ಮಶಾನದಲ್ಲಿ ಅವರನ್ನು ಮಣ್ಣು ಮಾಡಿದಾಗ ರಕ್ತಸಂಬಂಧಿಯೊಬ್ಬ ಮೊದಲ ಹಿಡಿ ಮಣ್ಣು ಹಾಕಿದ. ಅನಾಥ ಶವವೆಂದು ಪೊಲೀಸ್ ದಾಖಲೆ ಸೇರಬೇಕಾಗಿದ್ದ ಒಬ್ಬ ಮನುಷ್ಯ ನಮ್ಮ ಸಮಾಧಿಯ ಪುಸ್ತಕದಲ್ಲಿ ತಂದೆ ತಾಯಿಯ ಹೆಸರು, ಹುಟ್ಟಿದ ಊರು ಸಮೇತ ಇದ್ದಾನೆ.

ಅಪೊಸ್ತಲನಾದ ಪೌಲನು ರೋಮಾಪುರದವರಿಗೆ ಬರೆದ ಪತ್ರದ ಕೊನೆಯ ಅಧ್ಯಾಯ ಹೆಸರುಗಳಿಂದ ತುಂಬಿದೆ, ಸಾಮಾನ್ಯವಾಗಿ ಆರಾಧನೆಯಲ್ಲಿ ಅದನ್ನು ಯಾರೂ ಪಾಠವಾಗಿ ಓದುವುದಿಲ್ಲ. ಅದರ 22ನೇ ವಚನದಲ್ಲಿ ತೆರ್ತ್ಯನೆಂಬ ಒಬ್ಬನು, ಈ ಪತ್ರವನ್ನು ಬರೆದವನು ತಾನು ಎಂದು ಹೇಳಿ ತನ್ನ ವಂದನೆಯನ್ನೂ ಸೇರಿಸುತ್ತಾನೆ. ಪೌಲನು ಹೇಳಿದ್ದನ್ನು ಬರೆದುಕೊಂಡ ಕೈ ಅವನದು. ಹದಿನಾರು ಅಧ್ಯಾಯಗಳ ಆ ಮಹಾಪತ್ರದಲ್ಲಿ ಅವನಿಗೆ ಸಿಕ್ಕಿದ್ದು ಒಂದೇ ಸಾಲು, ಆದರೆ ಆ ಸಾಲನ್ನು ಪೌಲನು ತೆಗೆದುಹಾಕಿಸಲಿಲ್ಲ. ಅದೇ ಅಧ್ಯಾಯ ಪ್ರಾರಂಭವಾಗುವುದೂ ಕೆಂಖ್ರೆಯ ಸಭೆಯ ಸೇವಕಳಾದ ಫೊಯಿಬೆ ಎಂಬ ಹೆಂಗಸಿನ ಹೆಸರಿನಿಂದ. ಸಭೆಯ ಚರಿತ್ರೆ ಎಂದರೆ ಸಭಾಪಾಲಕರ ಭಾವಚಿತ್ರಗಳ ಸಾಲು ಎಂದು ತಿಳಿದಿರುವ ನಮಗೆ ಈ ಅಧ್ಯಾಯವನ್ನು ಹೆಚ್ಚು ಸಲ ಓದಿ ಹೇಳಬೇಕು ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ.

ಭಾನುವಾರದ ಆರಾಧನಾ ಕ್ರಮದ ಹಾಳೆಯ ಬಗ್ಗೆಯೂ ಹೇಳಬೇಕು. ಅವರು ಕೆಲಸಕ್ಕೆ ಸೇರಿದ ಕಾಲದಲ್ಲಿ ಸಭೆಯಲ್ಲಿ ಇಂಗ್ಲಿಷ್ ಟೈಪ್‌ರೈಟರು ಇತ್ತು, ಕನ್ನಡದ್ದು ಇರಲಿಲ್ಲ. ಸ್ಟೆನ್ಸಿಲ್ ಹಾಳೆಯ ಮೇಲೆ ಲೋಹದ ಮೊನೆಯ ಕಡ್ಡಿಯಿಂದ ಕೈಯಲ್ಲೇ ಬರೆದು ಸೈಕ್ಲೋಸ್ಟೈಲ್ ಯಂತ್ರದಲ್ಲಿ ಒತ್ತಬೇಕಾಗಿತ್ತು. ಮೇಣದ ಆ ಹಾಳೆಗೆ ಕನ್ನಡದ ದುಂಡಗಿನ ಅಕ್ಷರಗಳು ಕಷ್ಟ. ಸ್ವಲ್ಪ ಒತ್ತಿ ಬರೆದರೆ ದ, ಧ, ಥಗಳ ಹೊಟ್ಟೆಯೇ ಕಿತ್ತುಬಂದು ಕಾಗದದ ಮೇಲೆ ಕಪ್ಪು ಚುಕ್ಕೆಯಾಗುತ್ತದೆ, ಹಗುರವಾಗಿ ಬರೆದರೆ ಒತ್ತಕ್ಷರ ಮೂಡುವುದೇ ಇಲ್ಲ. ಆ ಹದವನ್ನು ಅವರು ಕೈಗೆ ಕಲಿಸಿದ್ದರು. ಸಂಡೇ ಸ್ಕೂಲಿನ ಹುಡುಗನಾಗಿ ನಾನು ಆ ಯಂತ್ರದ ಹಿಡಿಯನ್ನು ತಿರುಗಿಸಲು ಹೋಗುತ್ತಿದ್ದೆ. ಅಕ್ಕ ಹಾಳೆಗಳನ್ನು ಒಂದರ ಮೇಲೊಂದು ಬೀಳದಂತೆ ಎತ್ತಿ ಬೆಂಚುಗಳ ಮೇಲೆ ಒಣಗಲು ಹರಡುತ್ತಿದ್ದರು, ಶನಿವಾರ ರಾತ್ರಿ ಇಡೀ ದೇವಾಲಯ ಶಾಯಿಯ ವಾಸನೆಯಿಂದ ತುಂಬಿರುತ್ತಿತ್ತು. ಅನಂತರ ಕಂಪ್ಯೂಟರು ಬಂತು, ಬರಹ ತಂತ್ರಾಂಶ ಬಂತು, ಅವರು ಅದನ್ನೂ ಕಲಿತರು. ಇಂದಿಗೂ ನಮ್ಮ ಆರಾಧನಾ ಹಾಳೆಯಲ್ಲಿ ಅಕ್ಷರದೋಷ ಹುಡುಕಿದರೂ ಸಿಗುವುದಿಲ್ಲ. ಇಂಗ್ಲಿಷ್ ಶಾಲೆಯಲ್ಲಿ ಓದಿದ ನಮ್ಮ ಮಕ್ಕಳಲ್ಲಿ ಹಲವರು ಕನ್ನಡ ಓದಲು ಕಲಿತದ್ದು ಆ ಹಾಳೆಗಳಿಂದ ಮತ್ತು ಅವರ ಬೇಸಿಗೆ ರಜೆಯ ತರಗತಿಯಿಂದ. ಕನ್ನಡ ಲಿಪಿಯ ಕೆಳಗೆ ಇಂಗ್ಲಿಷ್ ಅಕ್ಷರಗಳಲ್ಲಿ ಗೀತೆಗಳನ್ನು ಅಚ್ಚು ಹಾಕೋಣವೆಂದು ಸಮಿತಿ ಹೇಳಿದಾಗ ಅವರು ವಿರೋಧಿಸಲಿಲ್ಲ, ಎರಡನ್ನೂ ಹಾಕಿ, ಕನ್ನಡವನ್ನು ಮಾತ್ರ ದೊಡ್ಡ ಅಕ್ಷರದಲ್ಲಿ ಇಟ್ಟರು.

ಸರಕಾರಿ ಕೆಲಸವನ್ನು ಬೇಗನೆ ಹೇಳಿ ಮುಗಿಸುತ್ತೇನೆ, ಆದರೆ ಅದು ಸಣ್ಣದಲ್ಲ. ಮಹಾರಾಷ್ಟ್ರದಲ್ಲಿ ಸಭೆಯ ಆಸ್ತಿಪಾಸ್ತಿ 1950ರ ಸಾರ್ವಜನಿಕ ನ್ಯಾಸಗಳ ಕಾಯಿದೆಗೆ ಒಳಪಡುತ್ತದೆ. ಒಬ್ಬ ಟ್ರಸ್ಟಿ ಬದಲಾದರೆ 90 ದಿನಗಳೊಳಗೆ ವರಳಿಯ ಚಾರಿಟಿ ಕಮಿಷನರ್ ಕಚೇರಿಗೆ ಬದಲಾವಣೆಯ ವರದಿ ಸಲ್ಲಿಸಬೇಕು, ಪ್ರತಿವರ್ಷ ಮಾರ್ಚ್ 31ಕ್ಕೆ ಲೆಕ್ಕ ಮುಗಿಸಿ ಆಡಿಟ್ ಮಾಡಿಸಬೇಕು. ಈ ವರದಿಗಳನ್ನು ಕಾಲಕಾಲಕ್ಕೆ ಸಲ್ಲಿಸದೆ ಬಿಟ್ಟು, ಕೊನೆಗೆ ಸತ್ತುಹೋದವರೇ ಕಾಗದದ ಮೇಲೆ ಟ್ರಸ್ಟಿಗಳಾಗಿ ಉಳಿದು, ಕಟ್ಟಡದ ಮಾಡು ರಿಪೇರಿ ಮಾಡಿಸಲೂ ಸಹಿ ಹಾಕುವವರಿಲ್ಲದೆ ಒದ್ದಾಡುವ ಸಂಸ್ಥೆಗಳನ್ನು ಈ ನಗರದಲ್ಲಿ ಕಂಡಿದ್ದೇನೆ. ನಮಗೆ ಆ ಸ್ಥಿತಿ ಬರಲಿಲ್ಲ. ಮರಾಠಿಯ ಆ ನಮೂನೆಗಳನ್ನು ತುಂಬಲು ಅಕ್ಕ ಮರಾಠಿಯನ್ನು ಬರೆಯುವಷ್ಟು ಕಲಿತರು.

2020ರ ಮಾರ್ಚಿನಲ್ಲಿ ದೇವಾಲಯದ ಬಾಗಿಲು ಮುಚ್ಚಿದಾಗ ಅವರ ಕೆಲಸ ಕಡಿಮೆಯಾಗಬೇಕಿತ್ತು, ಹೆಚ್ಚಾಯಿತು. ಆ ತಿಂಗಳ 30ರಂದು ಕೋವಿಡ್‌ನಿಂದ ಸತ್ತವರನ್ನು ಧರ್ಮಭೇದವಿಲ್ಲದೆ ದಹನವೇ ಮಾಡಬೇಕೆಂದು ಮುಂಬಯಿ ಮಹಾನಗರಪಾಲಿಕೆ ಸುತ್ತೋಲೆ ಹೊರಡಿಸಿತು, ಅದೇ ದಿನ ಅದನ್ನು ಬದಲಿಸಿ ವಿಶಾಲವಾದ ಸ್ಮಶಾನಗಳಲ್ಲಿ ಹೂಳಲು ಅವಕಾಶ ಕೊಟ್ಟಿತು. ಮೊದಲ ಸುದ್ದಿ ತಲುಪಿದಷ್ಟು ಬೇಗ ಎರಡನೆಯದು ತಲುಪಲಿಲ್ಲ. ವಯಸ್ಸಾದವರು ಗಾಬರಿಯಾಗಿ ಅಕ್ಕನಿಗೆ ಫೋನ್ ಮಾಡಿದರು. ತನ್ನನ್ನು ಗಂಡನ ಪಕ್ಕದಲ್ಲಿ ಹೂಳುವುದಿಲ್ಲವೇ ಎಂಬುದೇ ಒಬ್ಬ ಹಿರಿಯಮ್ಮನ ಒಂದೇ ಪ್ರಶ್ನೆಯಾಗಿತ್ತು. ಅಕ್ಕ ಸುತ್ತೋಲೆಯ ತಿದ್ದುಪಡಿಯನ್ನು ತರಿಸಿಕೊಂಡು ಓದಿ, ಪಟ್ಟಿಯಲ್ಲಿ ಅರುವತ್ತು ದಾಟಿದವರ ಮನೆಗಳಿಗೆಲ್ಲ ತಾವಾಗಿಯೇ ಫೋನ್ ಮಾಡಿ ವಿವರಿಸಿದರು. ಆ ವರ್ಷ ಈಸ್ಟರ್ ಏಪ್ರಿಲ್ 12ರಂದು ಬಂತು. ಸಭಾಪಾಲಕರ ಪ್ರಸಂಗವನ್ನು ಮೊಬೈಲಿನಲ್ಲಿ ಕೇಳಲಾಗದವರಿಗೆ ಅಕ್ಕ ಆ ದಿನ ಬೆಳಿಗ್ಗೆಯಿಂದ ಫೋನಿನಲ್ಲಿ ಪುನರುತ್ಥಾನದ ಪಾಠವನ್ನು ಓದಿ ಹೇಳಿದರು, ಒಂದು ಮನೆಯಾದ ಮೇಲೆ ಇನ್ನೊಂದು ಮನೆ, ಮಧ್ಯಾಹ್ನ ಕಳೆಯುವ ತನಕ. ನನ್ನ ತಾಯಿ ಆ ಪಟ್ಟಿಯಲ್ಲಿದ್ದರು. ಅಕ್ಕ ಓದಿ ಮುಗಿಸಿದ ಮೇಲೆ ನನ್ನ ತಾಯಿ ಗೀತೆಯೊಂದರ ಎರಡು ಚರಣ ಹಾಡಿದರು, ಆ ಕಡೆಯಿಂದ ಅಕ್ಕ ಕೂಡಿಕೊಂಡರು. ಆ ವರ್ಷದ ಮಳೆಗಾಲ ಮುಗಿಯುವ ಮುಂಚೆ ನನ್ನ ತಾಯಿ ತೀರಿಕೊಂಡರು. ಅವರ ಹೆಸರಿನ ಎದುರಿಗೆ ಸಮಾಧಿಯ ಪುಸ್ತಕದಲ್ಲಿರುವ ಕೈಬರಹವೂ ಅಕ್ಕನದೇ.

ಇಷ್ಟನ್ನು ಮಾಡಿದವರಿಗೆ ಸಭೆ ಏನು ಕೊಟ್ಟಿತು ಎಂಬ ಪ್ರಶ್ನೆಯನ್ನು ಬಿಟ್ಟು ಸನ್ಮಾನದ ಮಾತನಾಡುವುದು ನನ್ನಿಂದಾಗದು. ದೇವರ ಕೆಲಸ ಎಂಬ ಕಾರಣ ಹೇಳಿ ದೇವಾಲಯದ ನೌಕರರಿಗೆ ಕಡಿಮೆ ಸಂಬಳ ಕೊಡುವುದು ಬಹಳ ಕಡೆ ನಡೆದುಬಂದಿದೆ, ಅದು ನ್ಯಾಯವಲ್ಲ. ಹೆಂಗಸು ಆ ಜಾಗದಲ್ಲಿದ್ದರೆ, ಮನೆಯಲ್ಲಿ ಗಂಡ ದುಡಿಯುತ್ತಾರಲ್ಲ ಎಂಬ ಇನ್ನೊಂದು ಮಾತೂ ಸೇರಿಕೊಳ್ಳುತ್ತದೆ. ಅಕ್ಕನ ಯಜಮಾನರು ಬೇಗ ತೀರಿಕೊಂಡರು, ಇಬ್ಬರು ಮಕ್ಕಳನ್ನು ಅವರು ಈ ಸಂಬಳದಲ್ಲೇ ಓದಿಸಿದರು. ಕಾನೂನಿನ ಪ್ರಕಾರ ಗ್ರ್ಯಾಚುಯಿಟಿ ಕಡ್ಡಾಯವಾಗುವುದು ಹತ್ತು ಅಥವಾ ಹೆಚ್ಚು ಮಂದಿ ದುಡಿಯುವ ಸಂಸ್ಥೆಗಳಿಗೆ, ಭವಿಷ್ಯ ನಿಧಿ ಇಪ್ಪತ್ತು ಮಂದಿ ಇರುವಲ್ಲಿಗೆ. ನಮ್ಮ ಸಭೆಯಲ್ಲಿ ಸಂಬಳ ಪಡೆಯುವವರೆಂದರೆ ಅಕ್ಕ, ಕಾವಲುಗಾರ ಮತ್ತು ಗುಡಿಸಿ ಒರೆಸುವ ಮೌಶಿ. ಆದ್ದರಿಂದ ಇಷ್ಟು ವರ್ಷ ದುಡಿದ ಅಕ್ಕನಿಗೆ ಕಾನೂನಿನಂತೆ ನಾವು ಒಂದು ರೂಪಾಯಿಯನ್ನೂ ಕೊಡಬೇಕಾಗಿಲ್ಲ. ಸಣ್ಣ ಸಂಸ್ಥೆಗಳಲ್ಲಿ ಒಬ್ಬಂಟಿಯಾಗಿ ದುಡಿಯುವ ಎಲ್ಲರ ಗತಿಯೂ ಇದೇ, ಮತ್ತು ಇದನ್ನು ಸರಿಪಡಿಸುವುದು ಆಯಾ ಸಂಸ್ಥೆಯ ಮನಸ್ಸಾಕ್ಷಿಗೆ ಬಿಟ್ಟದ್ದು.

ಕಳೆದ ತಿಂಗಳ ಸಮಿತಿಯ ಕೂಟದಲ್ಲಿ ಈ ವಿಷಯವನ್ನು ನಾನು ಎತ್ತಿದೆ. ಚಿನ್ನದ ಉಂಗುರ ಕೊಡೋಣ ಎಂದರು ಒಬ್ಬರು, ಒಂದು ಭಾನುವಾರದ ವಿಶೇಷ ಕಾಣಿಕೆ ಎತ್ತಿ ಕೊಡೋಣ ಎಂದರು ಇನ್ನೊಬ್ಬರು. ಎರಡೂ ಒಳ್ಳೆಯ ಮನಸ್ಸಿನಿಂದ ಬಂದ ಮಾತುಗಳೇ. ಆದರೆ ಉಡುಗೊರೆ ಕೊಡುವವರ ಇಷ್ಟದಂತೆ ಬರುತ್ತದೆ, ದುಡಿದವರಿಗೆ ಸಲ್ಲಬೇಕಾದದ್ದು ಲೆಕ್ಕದಂತೆ ಬರಬೇಕು. ನಮ್ಮ ಕೋಶಾಧಿಕಾರಿಗಳು ಬ್ಯಾಂಕಿನಲ್ಲಿದ್ದವರು. ಕಾನೂನು ನಮಗೆ ಅನ್ವಯಿಸದಿದ್ದರೂ ಕಾನೂನಿನ ಸೂತ್ರವನ್ನೇ ಹಿಡಿಯೋಣ ಎಂದರು. ಕೊನೆಯ ತಿಂಗಳ ಸಂಬಳವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ದುಡಿದ ವರ್ಷಗಳಿಂದ ಮತ್ತೆ ಗುಣಿಸಿದರೆ ಬರುವ ಮೊತ್ತ. ಅದರ ಮೇಲೆ ಆರೋಗ್ಯ ವಿಮೆಯ ವಾರ್ಷಿಕ ಕಂತನ್ನು ಅವರಿರುವ ತನಕ ಸಭೆ ಕಟ್ಟಬೇಕೆಂದು ಸಭಾಪಾಲಕರು ಸೇರಿಸಿದರು. ಸಭೆಯಲ್ಲಿ ಅಷ್ಟು ಹಣ ಎಲ್ಲಿದೆ ಎಂಬ ಪ್ರಶ್ನೆ ಬಂತು, ಬರಬೇಕಾದ ಪ್ರಶ್ನೆಯೇ ಅದು. ಹಣವನ್ನು ಎರಡು ಆರ್ಥಿಕ ವರ್ಷಗಳಲ್ಲಿ ಕಂತಾಗಿ ಕೊಡುವುದು, ಈ ಸಲದ ಬೆಳೆ ಹಬ್ಬದ ಏಲಂನ ಹುಟ್ಟುವಳಿಯನ್ನು ಪೂರ್ತಿಯಾಗಿ ಅದಕ್ಕೆ ಇಡುವುದು ಎಂದು ತೀರ್ಮಾನವಾಯಿತು. ಕಾವಲುಗಾರ ಮತ್ತು ಮೌಶಿಯ ಹೆಸರಿನಲ್ಲಿಯೂ ಏಪ್ರಿಲ್‌ನಿಂದ ಪ್ರತಿ ತಿಂಗಳು ಒಂದಿಷ್ಟು ತೆಗೆದಿಡಬೇಕೆಂಬ ಮಾತು ಅದೇ ಠರಾವಿನ ಎರಡನೆಯ ಭಾಗವಾಯಿತು.

ಅಕ್ಕನ ಜಾಗಕ್ಕೆ ಬರುವವರು ನೆರೂಳಿನ ತರುಣಿ, ಬಿ.ಕಾಂ. ಓದಿದವರು, ಕನ್ನಡ ಓದುತ್ತಾರೆ, ಬರೆಯುವುದು ನಿಧಾನ. ಜನವರಿಯಿಂದ ವಾರಕ್ಕೆ ಮೂರು ದಿನ ಬಂದು ಅಕ್ಕನ ಪಕ್ಕದಲ್ಲಿ ಕೂರುತ್ತಿದ್ದಾರೆ. ಹಳೆಯ ಪುಸ್ತಕಗಳ ಛಾಯಾಪ್ರತಿ ತೆಗೆದು ಕಂಪ್ಯೂಟರಿನಲ್ಲಿ ಇಡುವ ಕೆಲಸವನ್ನು ಅವರು ಶುರುಮಾಡಿದ್ದಾರೆ, ಅದಕ್ಕೆ ಅಕ್ಕನ ಪೂರ್ಣ ಒಪ್ಪಿಗೆಯಿದೆ. ಆದರೆ ಪ್ರತಿ ಪುಟದ ಛಾಯಾಪ್ರತಿ ತೆಗೆಯುವ ಮುನ್ನ ಆ ಪುಟದ ಹೆಸರುಗಳನ್ನು ಗಟ್ಟಿಯಾಗಿ ಓದಿಸುತ್ತಾರೆ, ಯಾರ ಮನೆ, ಯಾರ ಮೊಮ್ಮಕ್ಕಳು ಈಗ ಎಲ್ಲಿದ್ದಾರೆ ಎಂದು ಹೇಳುತ್ತಾರೆ, ಆ ತರುಣಿ ಅದನ್ನು ಬೇರೆ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಈ ವೇಗದಲ್ಲಿ ಕೆಲಸ ಮಾರ್ಚ್ ಒಳಗೆ ಮುಗಿಯುವುದಿಲ್ಲ. ನಿವೃತ್ತಿಯ ನಂತರವೂ ಗುರುವಾರಗಳಂದು ಬರುವುದಾಗಿ ಅಕ್ಕ ಹೇಳಿದಾಗ, ಆ ಗುರುವಾರಗಳಿಗೆ ಗೌರವಧನ ಕೊಡಬೇಕೆಂದು ಸಮಿತಿ ಬರೆದುಕೊಂಡಿತು.

ಠರಾವಿನ ದಿನದ ಒಂದು ಸಂಗತಿ ಉಳಿದಿದೆ. ಸಮಿತಿಯ ನಡವಳಿಯನ್ನು ಬರೆಯುವವರು ಅಕ್ಕನೇ. ತಮಗೆ ಸಂಬಂಧಪಟ್ಟ ವಿಷಯ ಬಂದಾಗ ಆ ವ್ಯಕ್ತಿ ಕೋಣೆಯಿಂದ ಹೊರಗೆ ಹೋಗಬೇಕೆಂಬ ನಿಯಮವನ್ನು ಅವರು ಬೇರೆಯವರಿಗೆ ಎಷ್ಟೋ ಸಲ ನೆನಪಿಸಿದ್ದರು. ಅಂದು ತಾವಾಗಿಯೇ ಪೆನ್ನು ಮುಚ್ಚಿ, ಪುಸ್ತಕವನ್ನು ನನ್ನ ಕಡೆಗೆ ಸರಿಸಿ ಎದ್ದುಹೋದರು. ಮುಕ್ಕಾಲು ಗಂಟೆಯ ಚರ್ಚೆಯ ನಂತರ ಒಳಗೆ ಕರೆದು ಸಭಾಪಾಲಕರು ಠರಾವನ್ನು ಓದಿ ಹೇಳಿದರು. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಮೌಶಿಯ ಹೆಸರು ಠರಾವಿನಲ್ಲಿ ಬರೀ ಮೌಶಿ ಎಂದಾಗಬಾರದು, ಪೂರ್ತಿ ಹೆಸರು ಬರೆಯಬೇಕು ಎಂದು ಹೇಳಿ, ಆ ಹೆಸರನ್ನು, ಗಂಡನ ಹೆಸರು ಮತ್ತು ಅಡ್ಡಹೆಸರಿನ ಸಮೇತ, ನಾನು ಬರೆದುಕೊಳ್ಳಲು ಒಂದೊಂದೇ ಅಕ್ಷರವಾಗಿ ಹೇಳಿದರು.